ಮರೆಮಾಡುವ ಮುನ್ನ ಗುರುತಿಸಬೇಕು

ರಾಗಿಯ ಜೀನೋಮನ್ನು, ಎಂದರೆ ಆ ಸಸ್ಯದ ಜೀವಕೋಶದಲ್ಲಿ ಅಡಗಿರುವ ಡಿಎನ್‌ಎಯ ಸಮಗ್ರ ಪಾಠವನ್ನು, ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ನೇತೃತ್ವದಲ್ಲಿ ದುಡಿದ ತಂಡವು 2017ರಲ್ಲಿ ಪ್ರಕಟಿಸಿದಾಗ, ಎಂಎಲ್-365 ಎಂಬ ತಳಿಯಲ್ಲಿ 85,243 ವಂಶವಾಹಿಗಳಿವೆಯೆಂದು ಲೆಕ್ಕ ಹಾಕಿದ್ದಿತು. ಮರುವರ್ಷ, ಜ್ಯೂರಿಕ್ ವಿಶ್ವವಿದ್ಯಾನಿಲಯದವರು ಬೆಂಗಳೂರಿನ ವಿಜ್ಞಾನಿಗಳೊಡಗೂಡಿ ಪಿಆರ್-202 ಎಂಬ ಮತ್ತೊಂದು ತಳಿಯ ಜೀನೋಮನ್ನು ಹೊರತಂದಾಗ, ಆ ಸಂಖ್ಯೆ ಸುಮಾರು 62 ಸಾವಿರಕ್ಕೆ ಇಳಿದಿದ್ದಿತು. ಜೋಡಿಸಿದ ಪಾಠದ ಉದ್ದ ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ, ನೂರಿಪ್ಪತ್ತು ಕೋಟಿ ಅಕ್ಷರಗಳ ಆಸುಪಾಸು. ಒಂದೇ ಹೊಲದಲ್ಲಿ ಅಕ್ಕಪಕ್ಕ ಬೆಳೆದು, ಒಂದೇ ಗಿರಣಿಯಲ್ಲಿ ಹಿಟ್ಟಾಗಿ, ಒಂದೇ ಮುದ್ದೆಯಾಗಿ ತಟ್ಟೆಗೆ ಬರಬಹುದಾದ ಎರಡು ತಳಿಗಳ ನಡುವೆ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಂಶವಾಹಿಗಳ ಅಂತರವಿರಲಾರದೆಂಬುದನ್ನು ತಿಳಿಯಲು ವಿಶೇಷ ಪಾಂಡಿತ್ಯವೇನೂ ಬೇಕಿಲ್ಲ. ಅಂತರದ ಬಹುಭಾಗ ಹುಟ್ಟಿರುವುದು ನಾವು ಓದಿದ ಕ್ರಮದಲ್ಲಿ.

ಇಂಥ ಅಂತರಗಳಿಗೆ ಕಾರಣ ಒಂದೇ ಇರುವುದಿಲ್ಲವೆಂಬುದು ನಿಜ. ಜೋಡಣೆಯಲ್ಲಿ ಒಡೆದುಹೋದ ಒಂದು ವಂಶವಾಹಿ ಎರಡೆಂದೋ ಮೂರೆಂದೋ ಎಣಿಕೆಗೆ ಬಂದಿರಬಹುದು. ಎಣಿಸಿದ ತಂತ್ರಾಂಶಗಳೇ ಬೇರೆಬೇರೆಯಾಗಿರಬಹುದು. ಆದರೆ ರಾಗಿಯ ಜೀನೋಮಿನ ಸುಮಾರು ಅರ್ಧ ಭಾಗ ಪುನರಾವರ್ತಿತ ಅನುಕ್ರಮವೆಂದು, ಎಂದರೆ ಒಂದೇ ಮಾತನ್ನು ಸಾವಿರಾರು ಸಲ ಬರೆದಂತಿರುವ ಪಾಠವೆಂದು, ಆ ಮೊದಲ ವರದಿಯೇ ಹೇಳಿರುವಾಗ, ಆ ಅರ್ಧವನ್ನು ಎಷ್ಟು ಎಚ್ಚರದಿಂದ ಗುರುತಿಸಿ ಬದಿಗಿಟ್ಟೆವೆಂಬುದರ ಮೇಲೆಯೇ ಉಳಿದ ಅರ್ಧದ ವಿಷಯದಲ್ಲಿ ನಾವು ಆಡುವ ಮಾತಿನ ಸತ್ಯ ನಿಂತಿದೆ. ಹೊಸದಾಗಿ ಜೋಡಿಸಿದ ಯಾವ ಜೀನೋಮಿನಲ್ಲಿಯೇ ಆಗಲಿ, ಪುನರುಕ್ತಿಗಳನ್ನು ಗುರುತಿಸುವ ಕಾರ್ಯವು ಅದನ್ನು ಓದುವ ಕಾರ್ಯದಷ್ಟೇ ಮುಖ್ಯವಾದುದು; ಅದಕ್ಕೆ ಹಣ, ಕಾಲ, ಮನ್ನಣೆ ಮೂರನ್ನೂ ಕೊಡದೆ ಜೀನೋಮ್ ಸಿದ್ಧವಾಯಿತೆಂದು ಸಾರುವ ರೂಢಿಯನ್ನು ನಾವು ಕೈಬಿಡತಕ್ಕದ್ದು ಎಂಬುದೇ ಈ ಲೇಖನದ ಪ್ರತಿಪಾದನೆ.

ರಾಗಿಗೆ ಒದಗಿದ ಈ ಸ್ಥಿತಿ, ಲೋಕದ ಅತ್ಯಂತ ಸಂಪನ್ನ ಪ್ರಯೋಗಾಲಯಗಳು ಕೈಯಿಕ್ಕಿದ್ದ ಭತ್ತಕ್ಕೂ ಒದಗಿದ್ದಿತು. 2002ರಲ್ಲಿ ಭತ್ತದ ಎರಡು ಕರಡು ಜೀನೋಮುಗಳು ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬೆಳಕು ಕಂಡವು. ಇಂಡಿಕಾ ಬಗೆಯನ್ನು ಓದಿದ ಚೀನದ ತಂಡವು 46 ಸಾವಿರದಿಂದ 56 ಸಾವಿರದವರೆಗೆ ವಂಶವಾಹಿಗಳಿರಬಹುದೆಂದಿತು. ಜಪಾನಿಕಾ ಬಗೆಯನ್ನು ಓದಿದ ಸಿಂಜೆಂಟಾ ಕಂಪನಿಯ ತಂಡವು 32 ಸಾವಿರದಿಂದ 50 ಸಾವಿರವೆಂದಿತು. ಎರಡು ವರ್ಷಗಳ ತರುವಾಯ ಜೆಫ್ರಿ ಬೆನೆಟ್ಜೆನ್ ಮತ್ತು ಅವರ ಸಂಗಡಿಗರು, ಸಸ್ಯಗಳ ವಂಶವಾಹಿಗಳ ಎಣಿಕೆ ಒಂದೇ ಸಮನೆ ಉಬ್ಬಿಹೋಗಿದೆಯೆಂದೂ, ಹಾಗೆ ಉಬ್ಬಿದ ಭಾಗದಲ್ಲಿ ಬಹುಪಾಲು ಜೀನೋಮಿನೊಳಗೆ ನೆಲೆ ಬದಲಿಸುತ್ತ ಪ್ರತಿಗಳನ್ನು ಹೆಚ್ಚಿಸಿಕೊಳ್ಳುವ ಟ್ರಾನ್ಸ್‌ಪೋಸಾನ್‌ಗಳೇ ವಂಶವಾಹಿಯ ವೇಷದಲ್ಲಿ ಕುಳಿತಿವೆಯೆಂದೂ ವಾದಿಸಿದರು. ಭಾರತವೂ ಭಾಗಿಯಾಗಿದ್ದ ಅಂತಾರಾಷ್ಟ್ರೀಯ ಭತ್ತ ಜೀನೋಮ್ ಯೋಜನೆಯು 2005ರಲ್ಲಿ ತನ್ನ ಪರಿಷ್ಕೃತ ಪಾಠವನ್ನು ಮುಂದಿಟ್ಟಾಗ, ಟ್ರಾನ್ಸ್‌ಪೋಸಾನ್ ಸಂಬಂಧವಿಲ್ಲದ ವಂಶವಾಹಿಗಳು 37,544 ಎಂದು ಬಹು ಎಚ್ಚರದಿಂದ ಬರೆಯಿತು. ಆ ವಿಶೇಷಣವನ್ನು ಸೇರಿಸಲು ಜಗತ್ತಿಗೆ ಮೂರು ವರ್ಷಗಳು ಹಿಡಿದವು.

ಈ ಪುನರುಕ್ತಿಗಳ ಅರಿವು ಜೀನೋಮುಗಳನ್ನು ಓದುವ ಯಂತ್ರಗಳಿಗಿಂತ ಹಳೆಯದು. ನ್ಯೂಯಾರ್ಕಿನ ಬಳಿಯ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನಲ್ಲಿ 1940ರ ದಶಕದಲ್ಲಿ ಮೆಕ್ಕೆಜೋಳದ ಕಾಳುಗಳ ಮೇಲಿನ ಬಣ್ಣದ ಚುಕ್ಕೆಗಳನ್ನು ಪರೀಕ್ಷಿಸುತ್ತಿದ್ದ ಬಾರ್ಬರಾ ಮೆಕ್‌ಕ್ಲಿಂಟಾಕ್, ವರ್ಣತಂತುವಿನ ಕೆಲವು ಅಂಶಗಳು ತಮ್ಮ ನೆಲೆಯನ್ನು ಬಿಟ್ಟು ಬೇರೊಂದೆಡೆ ಹೋಗಿ ಕೂರುತ್ತವೆಯೆಂದು ಕಂಡುಕೊಂಡರು. ಸಮಕಾಲೀನರು ಆ ಮಾತಿಗೆ ಅಷ್ಟಾಗಿ ಕಿವಿಗೊಡಲಿಲ್ಲ, ನೊಬೆಲ್ ಪಾರಿತೋಷಕ ಅವರನ್ನು ಅರಸಿ ಬಂದುದು 1983ರಲ್ಲಿ, ಅವರ ಎಂಬತ್ತೊಂದನೆಯ ವಯಸ್ಸಿನಲ್ಲಿ. ಇದರ ನಡುವೆ 1968ರಲ್ಲಿ ರಾಯ್ ಬ್ರಿಟನ್ ಮತ್ತು ಡೇವಿಡ್ ಕೋನ್ ಎಂಬವರು ಡಿಎನ್‌ಎಯನ್ನು ತುಂಡರಿಸಿ, ಕಾಯಿಸಿ ಅದರ ಎರಡು ಎಳೆಗಳನ್ನು ಬೇರ್ಪಡಿಸಿ, ತಣಿಯಬಿಟ್ಟು, ಮರಳಿ ಜೋಡಿಯಾಗಲು ಯಾವ ತುಣುಕಿಗೆ ಎಷ್ಟು ಹೊತ್ತು ಬೇಕಾಗುವುದೆಂದು ಅಳೆದರು. ಒಂದೇ ಒಂದು ಪ್ರತಿಯುಳ್ಳ ತುಣುಕು ತನ್ನ ಜೋಡಿಯನ್ನು ಹುಡುಕಲು ಬಹುಕಾಲ ಅಲೆಯಬೇಕು. ಲಕ್ಷ ಪ್ರತಿಗಳುಳ್ಳದ್ದು ಕ್ಷಣಮಾತ್ರದಲ್ಲಿ ಕೂಡಿಕೊಳ್ಳುತ್ತದೆ. ಹೀಗೆ, ಒಂದು ಅಕ್ಷರವನ್ನೂ ಓದದೆ, ಉಚ್ಚಜೀವಿಗಳ ಡಿಎನ್‌ಎಯಲ್ಲಿ ಪುನರುಕ್ತಿಯ ಪಾಲು ಬಹು ದೊಡ್ಡದೆಂದು ಅವರು ಸಾಧಿಸಿ ತೋರಿಸಿದರು. ಓದುವ ಕಾಲ ಬಂದಾಗ ಆ ಅಂದಾಜು ನಿಜವೆಂದು ಕಂಡುಬಂದಿತು: ಮೆಕ್ಕೆಜೋಳದ ಮತ್ತು ಗೋಧಿಯ ಜೀನೋಮುಗಳಲ್ಲಿ ನೂರಕ್ಕೆ ಸುಮಾರು 85ರಷ್ಟು ಟ್ರಾನ್ಸ್‌ಪೋಸಾನ್‌ಗಳೇ, ಮನುಷ್ಯನ ಜೀನೋಮಿನಲ್ಲಿ ಅರ್ಧಕ್ಕೂ ಮಿಕ್ಕಿ ಪುನರುಕ್ತಿ, ಅದರಲ್ಲಿಯೂ ಮುನ್ನೂರು ಅಕ್ಷರಗಳಷ್ಟೇ ಉದ್ದದ ಆಲು ಎಂಬ ಒಂದೇ ಬಗೆಯ ಪ್ರತಿಗಳು ಹತ್ತು ಲಕ್ಷವನ್ನು ಮೀರಿವೆ.

ಇವು ಓದುಗನನ್ನು ವಂಚಿಸುವುದು ಎರಡು ಬಗೆಯಲ್ಲಿ. ಮೊದಲನೆಯದು ಜೋಡಣೆಯ ಹೊತ್ತಿನಲ್ಲಿ: ಯಂತ್ರವು ಜೀನೋಮನ್ನು ಇಡಿಯಾಗಿ ಓದಲಾರದೆ ತುಣುಕುತುಣುಕಾಗಿ ಓದುವುದರಿಂದ, ತುಣುಕಿಗಿಂತ ಉದ್ದವಾದ ಪುನರುಕ್ತಿ ಎದುರಾದಾಗ ಯಾವ ತುಣುಕು ಯಾವ ಪ್ರತಿಗೆ ಸೇರಿದುದೆಂದು ತಿಳಿಯದೆ, ಹತ್ತು ಪ್ರತಿಗಳು ಒಂದಾಗಿ ಕುಸಿದು ಹೋಗುವುದುಂಟು. ಎರಡನೆಯದು, ಮತ್ತು ಹೆಚ್ಚು ಸೂಕ್ಷ್ಮವಾದುದು, ವಂಶವಾಹಿಗಳನ್ನು ಹುಡುಕುವ ಹೊತ್ತಿನಲ್ಲಿ. ರೆಟ್ರೊಟ್ರಾನ್ಸ್‌ಪೋಸಾನ್ ಎಂಬ ಬಗೆಯದು ತನ್ನ ಆರ್‌ಎನ್‌ಎ ಪ್ರತಿಯನ್ನು ಮರಳಿ ಡಿಎನ್‌ಎಯಾಗಿ ಮಾರ್ಪಡಿಸುವ ಕಿಣ್ವದ ಸೂತ್ರವನ್ನು ತನ್ನೊಳಗೇ ಹೊತ್ತಿರುತ್ತದೆ. ಆ ಸೂತ್ರಕ್ಕೆ ಆರಂಭವಿದೆ, ಅಂತ್ಯವಿದೆ, ಪ್ರೋಟೀನಾಗಬಲ್ಲ ಅರ್ಥವಂತಿಕೆಯಿದೆ. ವಂಶವಾಹಿಯ ಲಕ್ಷಣಗಳನ್ನು ಕಲಿತು ಹುಡುಕಲು ಹೊರಟ ತಂತ್ರಾಂಶವು ಅದನ್ನು ಸಸ್ಯದ್ದೇ ವಂಶವಾಹಿಯೆಂದು ತಿಳಿದರೆ ತಪ್ಪು ತಂತ್ರಾಂಶದ್ದಲ್ಲ; ಮೊದಲೇ ಗುರುತು ಹಾಕಿಕೊಡದವರದು. ಅಷ್ಟೇ ಅಲ್ಲ, ಇಂಥ ಸಾವಿರ ಉದಾಹರಣೆಗಳನ್ನು ಕಂಡ ತಂತ್ರಾಂಶವು ಅವುಗಳಿಂದಲೇ ಪಾಠ ಕಲಿತು, ಮುಂದೆ ನಿಜವಾದ ವಂಶವಾಹಿಗಳ ಎಲ್ಲೆಯನ್ನೂ ಕೆಡಿಸುವುದುಂಟು.

ಆದುದರಿಂದಲೇ ವಂಶವಾಹಿಗಳ ಹುಡುಕಾಟಕ್ಕೆ ಮುನ್ನ ಮಾಸ್ಕಿಂಗ್ ಎಂಬ ಕ್ರಮ. ರಿಪೀಟ್‌ಮಾಸ್ಕರ್ ಎಂಬ ತಂತ್ರಾಂಶವನ್ನು ಈ ಕ್ಷೇತ್ರದಲ್ಲಿ ತಿಳಿಯದವರಿಲ್ಲ. ತಿಳಿದಿರುವ ಪುನರುಕ್ತಿಗಳ ಸಂಗ್ರಹವೊಂದನ್ನು, ಕ್ಷೇತ್ರದವರು ಲೈಬ್ರರಿ ಎಂದು ಕರೆಯುವುದನ್ನು, ಅದರ ಕೈಗೆ ಕೊಟ್ಟರೆ ಅದು ಜೀನೋಮಿನ ಆದ್ಯಂತ ಅವುಗಳ ಪ್ರತಿಗಳನ್ನು ಹುಡುಕಿ ಮರೆಮಾಡಿಕೊಡುತ್ತದೆ. ಮರೆಮಾಡುವುದರಲ್ಲಿ ಎರಡು ವಿಧ: ಅಕ್ಷರಗಳನ್ನೇ ತೆಗೆದು ಆ ಸ್ಥಳದಲ್ಲಿ ಎನ್ ಎಂಬ ಅಕ್ಷರವನ್ನು ತುಂಬುವುದು ಹಾರ್ಡ್ ಮಾಸ್ಕಿಂಗ್, ದೊಡ್ಡಕ್ಷರಗಳಾಗಿದ್ದ ಎ, ಸಿ, ಜಿ, ಟಿಗಳನ್ನು ಸಣ್ಣಕ್ಷರಗಳಾಗಿ ಬರೆದು ಪಾಠವನ್ನು ಹಾಗೆಯೇ ಉಳಿಸುವುದು ಸಾಫ್ಟ್ ಮಾಸ್ಕಿಂಗ್. ನಮ್ಮ ಹಿಂದಿನ ಗ್ರಂಥಸಂಪಾದಕರು ಓಲೆಯ ಪ್ರತಿಗಳಲ್ಲಿ ಪ್ರಕ್ಷಿಪ್ತವೆಂದು ತೋರಿದ ಪದ್ಯವನ್ನು ಕಿತ್ತೆಸೆಯದೆ ಕಂಸದೊಳಗಿಟ್ಟು, ಓದುವವನ ವಿವೇಚನೆಗೆ ಬಿಟ್ಟಂತೆ, ಈ ಎರಡನೆಯ ಕ್ರಮವು ಸಂದೇಹವನ್ನು ಸೂಚಿಸುತ್ತದೆ, ಸಾಕ್ಷ್ಯವನ್ನು ನಾಶಪಡಿಸುವುದಿಲ್ಲ. ಪ್ರಾಜ್ಞರು ಇದನ್ನೇ ಮೆಚ್ಚುವುದಕ್ಕೆ ಕಾರಣವಿದೆ. ಮೆಂಡೆಲನ ಬಟಾಣಿಯ ಸುಕ್ಕು ಕಾಳನ್ನು ಶಾಲೆಯಲ್ಲಿ ಓದದವರಾರು? ಪಿಷ್ಟವನ್ನು ಕವಲೊಡೆಸುವ ಕಿಣ್ವದ ವಂಶವಾಹಿಯೊಳಕ್ಕೆ, ಮೆಕ್‌ಕ್ಲಿಂಟಾಕ್ ಕಂಡ ಅಂಶಗಳನ್ನೇ ಹೋಲುವ ಸುಮಾರು ಎಂಟುನೂರು ಅಕ್ಷರಗಳ ಅಂಶವೊಂದು ಬಂದು ಸೇರಿದುದೇ ಆ ಸುಕ್ಕಿಗೆ ಕಾರಣವೆಂದು 1990ರಲ್ಲಿ ತಿಳಿದುಬಂದಿತು. ಇಂಗ್ಲೆಂಡಿನ ಕಾರ್ಖಾನೆಗಳ ಹೊಗೆಯ ಕಾಲದಲ್ಲಿ ಕಪ್ಪಾದ ಪತಂಗದ ಪಾಠವನ್ನೂ ಎಲ್ಲರೂ ಓದಿರುವರಷ್ಟೆ. ಅದರ ಕಪ್ಪು ಬಣ್ಣಕ್ಕೆ ಮೂಲವೂ ಇಂಥದೇ ಒಂದು ಅಂಶವೆಂದು 2016ರಲ್ಲಿ ಸ್ಥಿರಪಟ್ಟಿತು. ಪುನರುಕ್ತಿಯನ್ನು ಕಸವೆಂದು ಕರೆದು ಗುಡಿಸಿಬಿಟ್ಟಿದ್ದರೆ ಈ ಎರಡು ಕಥೆಗಳ ಕೊನೆಯ ಪುಟ ನಮಗೆ ದೊರೆಯುತ್ತಿರಲಿಲ್ಲ.

ಎಲ್ಲವೂ ಆ ಸಂಗ್ರಹದ ಗುಣವನ್ನು ಅವಲಂಬಿಸಿದೆಯೆಂಬುದು ಇಷ್ಟರಿಂದ ಸ್ಪಷ್ಟವಾಗುತ್ತದೆ. ಮನುಷ್ಯನದೋ ಭತ್ತದ್ದೋ ಸಂಗ್ರಹವನ್ನು ಎರವಲು ತಂದು ಹಲಸಿಗೋ ಅಡಿಕೆಗೋ ಅನ್ವಯಿಸಿದರೆ ಸಾಲದು, ಏಕೆಂದರೆ ಟ್ರಾನ್ಸ್‌ಪೋಸಾನ್‌ಗಳು ವಂಶವಾಹಿಗಳಿಗಿಂತ ಬಹು ಬೇಗ ಬದಲಾಗುವುದರಿಂದ ಒಂದು ಕುಲದ್ದು ಇನ್ನೊಂದು ಕುಲಕ್ಕೆ ಗುರುತೇ ಸಿಕ್ಕದಷ್ಟು ಅನ್ಯವಾಗಿರುತ್ತದೆ. ಹಾಗೆಂದು ಹೊಸ ಜೀನೋಮಿನಿಂದಲೇ ಸಂಗ್ರಹವನ್ನು ಕಟ್ಟುವ ರಿಪೀಟ್‌ಮಾಡೆಲರ್‌ನಂಥ ತಂತ್ರಾಂಶಗಳ ಮೇಲೆ ಪೂರ್ಣ ಭಾರ ಹಾಕಿದರೆ, ಅಪಾಯ ಮತ್ತೊಂದು ದಿಕ್ಕಿನಿಂದ ಬರುತ್ತದೆ. ಹಲವು ಸಲ ಬಂದುದೆಲ್ಲ ಪುನರುಕ್ತಿಯೆಂಬುದೇ ಅವುಗಳ ಮೂಲತತ್ತ್ವ; ಆದರೆ ಸಸ್ಯಗಳಲ್ಲಿ ರೋಗನಿರೋಧಕ ವಂಶವಾಹಿಗಳೂ ನೂರಾರು ಸಂಖ್ಯೆಯಲ್ಲಿ, ಪರಸ್ಪರ ಹೋಲುತ್ತ, ಗುಂಪುಗುಂಪಾಗಿ ಇರುತ್ತವೆ. ಅಜಾಗರೂಕವಾದ ಮಾಸ್ಕಿಂಗಿನಿಂದ ಈ ನಿರೋಧಕ ವಂಶವಾಹಿಗಳೇ ಎಣಿಕೆಯಿಂದ ಮರೆಯಾಗುತ್ತವೆಯೆಂದು 2018ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ತೋರಿಸಿಕೊಟ್ಟರು. ಭತ್ತಕ್ಕೆ ಬೆಂಕಿರೋಗ, ರಾಗಿಗೆ ಬೆಂಕಿರೋಗದೊಡನೆ ಇಲುಕುರೋಗ, ಇವುಗಳ ಕಾಟವನ್ನು ಬಲ್ಲ ನಮ್ಮ ರೈತನಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ: ಯಾವ ವಂಶವಾಹಿಗಳನ್ನು ಹುಡುಕಿ ಹೊಸ ತಳಿಗೆ ತರಬೇಕೆಂದು ಜೀನೋಮನ್ನು ಓದಿದೆವೋ ಅವನ್ನೇ ಕಸವೆಂದು ಮುಚ್ಚಿಟ್ಟಂತಾಗುತ್ತದೆ. ಭತ್ತದಲ್ಲಿ ಇನ್ನೂ ಒಂದು ತೊಡಕು ಕಂಡುಬಂದಿದೆ. ಪ್ಯಾಕ್-ಮ್ಯೂಲ್ ಎಂಬ ಟ್ರಾನ್ಸ್‌ಪೋಸಾನ್‌ಗಳು ಸಸ್ಯದ ವಂಶವಾಹಿಗಳ ತುಣುಕುಗಳನ್ನು ತಮ್ಮ ಒಡಲಿನಲ್ಲಿ ಸೇರಿಸಿಕೊಂಡಿರುವುದರಿಂದ, ಅವನ್ನು ಹಾಗೆಯೇ ಸಂಗ್ರಹಕ್ಕೆ ಸೇರಿಸಿದರೆ ಆ ತುಣುಕುಗಳ ಮೂಲವಾದ ವಂಶವಾಹಿಯೂ ಮರೆಗೆ ಸರಿಯುತ್ತದೆ.

ಈ ಎರಡು ಅಪಾಯಗಳ ನಡುವಣ ಹಾದಿ ಮನುಷ್ಯನ ಕಣ್ಣಿನದು. ತಂತ್ರಾಂಶವು ಒದಗಿಸಿದ ಒಂದು ಅಸ್ಪಷ್ಟ ಅನುಕ್ರಮವನ್ನು ಆಯ್ದುಕೊಂಡು, ಜೀನೋಮಿನಲ್ಲಿ ಅದನ್ನು ಹೋಲುವ ಪ್ರತಿಗಳನ್ನು ಹುಡುಕಿ, ಪ್ರತಿಯೊಂದನ್ನೂ ಎರಡು ಕಡೆಗೂ ಒಂದೆರಡು ಸಾವಿರ ಅಕ್ಷರಗಳಷ್ಟು ವಿಸ್ತರಿಸಿ, ಒಂದರ ಕೆಳಗೊಂದನ್ನು ಸಾಲಾಗಿ ಹೊಂದಿಸಿ ಪರದೆಯ ಮೇಲೆ ತೆರೆದಾಗ, ನಾಲ್ಕು ಅಕ್ಷರಗಳಿಗೆ ನಾಲ್ಕು ಬಣ್ಣ ಕೊಟ್ಟಿರುವುದರಿಂದ ನಡುವಿನ ಭಾಗವೆಲ್ಲ ನೆಟ್ಟನೆಯ ಬಣ್ಣದ ಪಟ್ಟಿಗಳಾಗಿ ಕಾಣುತ್ತದೆ. ಕಣ್ಣು ಅಂಚಿನ ಕಡೆಗೆ ಸರಿದಂತೆ ಒಂದು ಕಂಬದಲ್ಲಿ ಆ ಪಟ್ಟಿಗಳು ಥಟ್ಟನೆ ಮುರಿದು, ಅಲ್ಲಿಂದಾಚೆಗೆ ಬಣ್ಣಗಳು ಯಾವ ಕ್ರಮವೂ ಇಲ್ಲದೆ ಚೆದರಿಹೋಗುತ್ತವೆ. ಆ ಕಂಬವೇ ಅಂಶದ ಎಲ್ಲೆ. ಎಲ್ಟಿಆರ್ ಬಗೆಯ, ಎಂದರೆ ಎರಡು ತುದಿಗಳಲ್ಲಿಯೂ ಒಂದೇ ಉದ್ದನೆಯ ಅನುಕ್ರಮವನ್ನು ಹೊತ್ತ, ರೆಟ್ರೊಟ್ರಾನ್ಸ್‌ಪೋಸಾನ್ ಆಗಿದ್ದರೆ ಅದರ ಮೊದಲೆರಡು ಅಕ್ಷರ ಸಾಮಾನ್ಯವಾಗಿ ಟಿಜಿ, ಕೊನೆಯೆರಡು ಸಿಎ. ಅದರಿಂದ ಹೊರಗೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ, ಒಂದೇ ಐದು ಅಕ್ಷರಗಳು ನಿಂತಿರುತ್ತವೆ, ಅಂಶವು ಒಳಹೊಕ್ಕಾಗ ಡಿಎನ್‌ಎ ಓರೆಯಾಗಿ ಕತ್ತರಿಸಿಹೋಗಿ ಮರಳಿ ತುಂಬಿಕೊಂಡುದರ ಗಾಯದ ಗುರುತಾಗಿ. ಈ ಐದು ಅಕ್ಷರಗಳು ಸಿಕ್ಕಿದರೆ, ಇದು ಹೊರಗಿನಿಂದ ಬಂದು ಕುಳಿತುದೆಂದು ಹೇಳಬಹುದು. ಸಿಕ್ಕದೆ ಹೋದರೆ, ಮತ್ತು ಒಳಗಿನ ಸೂತ್ರ ಯಾವುದೋ ನಿರೋಧಕ ಪ್ರೋಟೀನನ್ನು ಹೋಲಿದರೆ, ಅದನ್ನು ಸಂಗ್ರಹದಿಂದ ಹೊರಗಿಡುವುದೇ ವಿವೇಕ. ಎರಡು ತುದಿಗಳು ಒಳಸೇರಿದಾಗ ಏಕರೂಪವಾಗಿದ್ದುವಾದುದರಿಂದ, ಈಗ ಅವುಗಳ ನಡುವೆ ಕಾಣುವ ವ್ಯತ್ಯಾಸವನ್ನೆಣಿಸಿ ಅದು ಬಂದ ಕಾಲವನ್ನೂ ಅಂದಾಜು ಮಾಡಬಹುದು. ಮೆಕ್ಕೆಜೋಳದ ಜೀನೋಮ್ ಕಳೆದ ಕೆಲವೇ ದಶಲಕ್ಷ ವರ್ಷಗಳಲ್ಲಿ ಹಿಗ್ಗಿತೆಂದು ತಿಳಿದುದು ಈ ಎಣಿಕೆಯಿಂದಲೇ. ಪರಸ್ಪರ ಹೋಲುವ ಪ್ರತಿಗಳ ಒಂದೊಂದು ಕುಟುಂಬಕ್ಕೂ ಹೀಗೆ ಗಂಟೆಗಟ್ಟಲೆ ಕೂರಬೇಕು, ಒಂದೊಂದು ಜೀನೋಮಿನಲ್ಲಿಯೂ ಇಂಥ ಕುಟುಂಬಗಳು ನೂರಾರು.

ಇದಕ್ಕೆ ಬರಬಹುದಾದ ಆಕ್ಷೇಪವೊಂದುಂಟು, ಅದು ತಳ್ಳಿಹಾಕುವಂಥದೂ ಅಲ್ಲ. ಹತ್ತಾರು ಸಾವಿರ ಅಕ್ಷರಗಳನ್ನು ಒಂದೇ ಉಸಿರಿನಲ್ಲಿ ಓದುವ ಯಂತ್ರಗಳು ಬಂದಿವೆ. ಅವುಗಳ ಬಲದಿಂದಲೇ 2022ರಲ್ಲಿ ಮನುಷ್ಯನ ಜೀನೋಮಿನ ಉಳಿದಿದ್ದ ಶೇಕಡ ಎಂಟು ಭಾಗ, ಬಹುಪಾಲು ಪುನರುಕ್ತಿಯೇ ತುಂಬಿದ್ದ ಸುಮಾರು ಇಪ್ಪತ್ತು ಕೋಟಿ ಅಕ್ಷರಗಳು, ಮೊದಲ ಬಾರಿಗೆ ಓದಿಗೆ ಸಿಕ್ಕಿತು. ಕೃತಕ ಬುದ್ಧಿಮತ್ತೆಯೂ ದಿನೇ ದಿನೇ ಚುರುಕಾಗುತ್ತಿದೆ. ಹೀಗಿರುವಾಗ ಮನುಷ್ಯನ ಕಣ್ಣು ಏತಕ್ಕೆ ಎಂದು ಕೇಳಬಹುದು. ಉದ್ದದ ಓದು ಬಗೆಹರಿಸಿದುದು ಜೋಡಣೆಯ ತೊಡಕನ್ನು. ಯಾವ ಭಾಗ ಪುನರುಕ್ತಿ, ಯಾವ ಭಾಗ ವಂಶವಾಹಿ ಎಂಬ ನಿರ್ಣಯವನ್ನು ಅದು ಸುಲಭಗೊಳಿಸಲಿಲ್ಲ, ಹಿಂದೆ ಕುಸಿದು ಅಡಗಿದ್ದ ಪ್ರತಿಗಳನ್ನೆಲ್ಲ ಹೊರಗೆಳೆದು ಕೆಲಸವನ್ನು ಇನ್ನೂ ಹೆಚ್ಚಿಸಿತು. ಕಲಿಯುವ ಯಂತ್ರವಾದರೋ ತನಗೆ ಕೊಟ್ಟ ಮಾದರಿಗಳಷ್ಟೇ ಚೆನ್ನಾಗಿ ಕಲಿಯುತ್ತದೆ. ಆ ಮಾದರಿಗಳೆಂದರೆ ಕೈಯಿಂದ ತಿದ್ದಿದ ಸಂಗ್ರಹಗಳೇ, ಅವುಗಳಲ್ಲಿ ಹೆಚ್ಚಿನವು ಮನುಷ್ಯ, ಇಲಿ, ಹಣ್ಣುನೊಣ, ಮೆಕ್ಕೆಜೋಳ, ಭತ್ತ ಇಂಥ ಕೆಲವೇ ಜೀವಿಗಳಿಗೆ ಸೇರಿದುವು.

ಈ ಕೆಲಸದ ದುರವಸ್ಥೆಗೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಜೀನೋಮ್ ಪ್ರಕಟಣೆಯ ವಾರ್ತೆಯಲ್ಲಿ ತಲೆಬರಹಕ್ಕೆ ಬರುವುದು ವಂಶವಾಹಿಗಳ ಸಂಖ್ಯೆ. ಪ್ರಬಂಧದಲ್ಲಿ ಪುನರುಕ್ತಿಗೆ ದೊರೆಯುವುದು ಒಂದು ಪರಿಚ್ಛೇದ, ಅದರಲ್ಲಿ ಬಳಸಿದ ತಂತ್ರಾಂಶದ ಹೆಸರು ಮತ್ತು ಒಂದು ಶೇಕಡಾವಾರು ಅಂಕಿ. ವಿದ್ಯಾರ್ಥಿಯೊಬ್ಬನು ಆರು ತಿಂಗಳು ಕೂತು ಒಂದು ಸಸ್ಯದ ಸಂಗ್ರಹವನ್ನು ಶುದ್ಧಿಪಡಿಸಿದರೆ ಅದಕ್ಕೆ ಪದವಿಯೂ ಇಲ್ಲ, ಧನಸಹಾಯವೂ ಇಲ್ಲ. ಈ ವಿದ್ಯೆಯ ಆಕರವಾದ ರೆಪ್‌ಬೇಸ್, ಜೆರ್ಜಿ ಯುರ್ಕಾ ಅವರು ದಶಕಗಳ ಕಾಲ ಬೆಳೆಸಿದ ಭಂಡಾರ, ಕೆಲವು ವರ್ಷಗಳಿಂದ ಚಂದಾ ತೆತ್ತವರಿಗೆ ಮಾತ್ರ ತೆರೆದುಕೊಳ್ಳುತ್ತದೆ. ಎಲ್ಲರಿಗೂ ಮುಕ್ತವಾಗಿರುವ ಡಿಫ್ಯಾಮ್ ಎಂಬ ಭಂಡಾರವು ಬೃಹತ್ತಾಗಿ ಬೆಳೆದಿದೆಯಾದರೂ ಅದರಲ್ಲಿರುವುದರ ಬಹುಪಾಲು ಯಂತ್ರವು ಸುರಿದುದು. ಕೈಯಿಂದ ತಿದ್ದಿದುದು ಅಲ್ಪ. ಇತ್ತ 2018ರಲ್ಲಿ ಆರಂಭವಾದ ಅರ್ಥ್ ಬಯೋಜೀನೋಮ್ ಯೋಜನೆಯು ಹೆಸರಿರುವ ಸುಮಾರು ಹದಿನೈದು ಲಕ್ಷ ಜೀವಿಪ್ರಭೇದಗಳ ಜೀನೋಮುಗಳನ್ನು ಓದುವ ಸಂಕಲ್ಪ ತೊಟ್ಟಿದೆ. ಓದುವ ವೇಗಕ್ಕೂ ಗುರುತಿಸುವ ವೇಗಕ್ಕೂ ನಡುವಣ ಕಂದಕ ಹೀಗೆಯೇ ಹಿಗ್ಗುತ್ತ ಹೋದರೆ, ಒಂದು ಜೀನೋಮಿನ ತಪ್ಪು ಎಣಿಕೆಯು ಹೋಲಿಕೆಯ ಆಧಾರವಾಗಿ ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಹರಡಿ, ತಪ್ಪಿಗೇ ಪ್ರಮಾಣದ ಗೌರವ ಬಂದುಬಿಡುತ್ತದೆ.

ಕರ್ನಾಟಕಕ್ಕೆ ಇಲ್ಲಿ ಮಾಡಲು ಕೆಲಸವಿದೆ, ಮಾಡುವ ಅರ್ಹತೆಯೂ ಇದೆ. ಬೇವಿನ ಜೀನೋಮ್ 2012ರಲ್ಲಿ, ಕೃಷ್ಣ ತುಳಸಿಯದು 2015ರಲ್ಲಿ, ರಾಗಿಯದು 2017ರಲ್ಲಿ, ಮೂರೂ ಬೆಂಗಳೂರಿನ ತಂಡಗಳಿಂದಲೇ ಹೊರಬಂದುವು. ಪಶ್ಚಿಮಘಟ್ಟದ ಕಪ್ಪೆಗಳಿಂದ ಮೊದಲುಗೊಂಡು ಮಲೆನಾಡಿನ ಅಪ್ಪೆಮಿಡಿಯವರೆಗೆ ಓದಬೇಕಾದುದು ಬೇಕಾದಷ್ಟಿದೆ. ಓದುವ ಯಂತ್ರಕ್ಕೆ ಕೋಟಿಗಟ್ಟಲೆ ಹಣ ಬೇಕು. ಸಂಗ್ರಹವನ್ನು ತಿದ್ದುವುದಕ್ಕೆ ಬೇಕಾದುದು ಸಾಧಾರಣ ಗಣಕಯಂತ್ರ, ಜೀವವಿಜ್ಞಾನದ ಗಟ್ಟಿ ತಳಹದಿ ಮತ್ತು ತಾಳ್ಮೆ. ಸ್ವೀಡನ್ನಿನಲ್ಲಿ ಪಾಠದ ಅಂಗವಾಗಿಯೇ ವಿದ್ಯಾರ್ಥಿಗಳು ಟಾರ್ಡಿಗ್ರೇಡ್ ಎಂಬ ಅತಿಸೂಕ್ಷ್ಮ ಪ್ರಾಣಿಯ ಪುನರುಕ್ತಿಗಳನ್ನು ತಿದ್ದಿ ಲೋಕಕ್ಕೆ ಒಪ್ಪಿಸಿದ್ದಾರೆ. ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗದ ಕೃಷಿ ವಿಶ್ವವಿದ್ಯಾನಿಲಯಗಳ ಮತ್ತು ಜೈವಿಕ ತಂತ್ರಜ್ಞಾನ ಬೋಧಿಸುವ ನಮ್ಮ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ತಲಾ ಒಂದು ಕುಟುಂಬವನ್ನು ವಹಿಸಿಕೊಟ್ಟರೂ, ರಾಗಿಯ ಸಂಗ್ರಹ ಒಂದೆರಡು ವರ್ಷಗಳಲ್ಲಿ ಶುದ್ಧಗೊಂಡು ಮುಕ್ತ ಭಂಡಾರವನ್ನು ಸೇರಬಹುದು. ಅಂಥ ಕೆಲಸವನ್ನು ಪ್ರಬಂಧಕ್ಕೆ ಸಮನೆಂದು ಎಣಿಸುವ ನಿಯಮವೊಂದನ್ನು ವಿಶ್ವವಿದ್ಯಾನಿಲಯಗಳು ಮಾಡಬೇಕು. ಜೀನೋಮ್ ಯೋಜನೆಗಳಿಗೆ ಹಣ ಕೊಡುವ ಸರ್ಕಾರಿ ಇಲಾಖೆಗಳು, ಸಂಗ್ರಹವನ್ನು ತಿದ್ದಿ ಬಹಿರಂಗಪಡಿಸುವುದಕ್ಕೆ ಪ್ರತ್ಯೇಕ ಬಾಬ್ತನ್ನಿಟ್ಟು, ಆ ಷರತ್ತು ಪೂರೈಸಿದ ಮೇಲೆಯೇ ಕೊನೆಯ ಕಂತನ್ನು ಬಿಡುಗಡೆ ಮಾಡಬೇಕು.

ಪತ್ರಿಕೆಗಳ ಪಾಲಿನ ಹೊಣೆಯೂ ಕಿರಿದಲ್ಲ. ಇನ್ನು ಮುಂದೆ ಯಾವುದಾದರೂ ಬೆಳೆಯ ಜೀನೋಮ್ ಸಿದ್ಧವಾಯಿತೆಂದು ಪತ್ರಿಕಾಗೋಷ್ಠಿ ಕರೆದಾಗ, ವಂಶವಾಹಿಗಳೆಷ್ಟೆಂದು ಕೇಳುವುದಕ್ಕೆ ಮೊದಲು, ಪುನರುಕ್ತಿಗಳ ಸಂಗ್ರಹವನ್ನು ಯಾರು ತಿದ್ದಿದರು, ಅದು ಎಲ್ಲಿ ನೋಡಸಿಗುತ್ತದೆ, ನಿರೋಧಕ ವಂಶವಾಹಿಗಳನ್ನು ಅದರಿಂದ ಹೊರಗಿಟ್ಟು ಪರೀಕ್ಷಿಸಿದಿರೇ ಎಂಬ ಮೂರು ಪ್ರಶ್ನೆಗಳನ್ನು ವರದಿಗಾರರು ಮುಂದಿಡಲಿ. ಉತ್ತರ ಬಂದರೆ ಸಂಖ್ಯೆಯನ್ನು ತಲೆಬರಹದಲ್ಲಿ ಹಾಕಬಹುದು. ಬಾರದಿದ್ದರೆ ಅದು ಅಂದಾಜೆಂದೇ ಓದುಗರಿಗೆ ತಿಳಿಸುವುದು ನ್ಯಾಯ.